ತಾಳವಾಡಿಗೆ ಟ್ರಾನ್ಸ್‌ಫರ್ ಆಗಿದೆ, ಹೆಂಡತಿ ಮಕ್ಕಳನ್ನು ಕರ್ಕೊಂಡು ಹೋಗುದಾ ಬೇಡ್ವಾ? ಅಲ್ಲಿ ಇದ್ದವರು ಹೇಳಿ

ಅಡಿಕೆ_ಸೋಗೆ:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನವ, ಪೆರ್ಲದಿಂದ ಸ್ವಲ್ಪ ಒಳಗೆ ಮನೆ. ಬ್ಯಾಂಕಿನಲ್ಲಿ ಕೆಲಸ. ಮೂರು ವರ್ಷ ಕೊಯಮತ್ತೂರಲ್ಲಿ ಇದ್ದೆ, ಈಗ ತಾಳವಾಡಿ (ತಮಿಳುನಾಡಿನ ಈರೋಡ್ ಜಿಲ್ಲೆ, ಕರ್ನಾಟಕ ಗಡಿಯಲ್ಲಿ) ಬ್ರಾಂಚಿಗೆ ಆರ್ಡರ್ ಬಂದಿದೆ, ಬರುವ ತಿಂಗಳು ಜಾಯಿನ್ ಆಗ್ಬೇಕು. ಆರ್ಡರ್ ಬಂದ ದಿನದಿಂದ ಆಫೀಸಿನವರು ಹೆದರಿಸುದೇ ಹೆದರಿಸುದು ಮಾರಾಯ್ರೆ. "ಮಲೆ ಮೇಲೆ ಹಾಕಿದ್ರಾ, ಎಂತ ತಪ್ಪು ಮಾಡಿದ್ದೆ" ಅಂತ ಒಬ್ಬ, "ರಾತ್ರಿ ರೋಡ್ ಬಂದ್, ಹುಷಾರಿಲ್ಲದಿದ್ರೆ ದೇವರೇ ಗತಿ" ಅಂತ ಇನ್ನೊಬ್ಬ, ಮತ್ತೊಬ್ಬರಿಗೆ ಇನ್ನೂ ವೀರಪ್ಪನ್ ನೆನಪು, ಆ ಮನುಷ್ಯ ಸತ್ತು ಇಪ್ಪತ್ತು ವರ್ಷ ದಾಟಿತು ಅಂತ ಹೇಳಿದ್ರೂ ನಗ್ತಾರೆ ಅಷ್ಟೆ.

ನಾನೇನು ಪೇಟೆಯಲ್ಲಿ ಹುಟ್ಟಿದವ ಅಲ್ಲ. ನಮ್ಮದೂ ಗುಡ್ಡೆ ಪಂಚಾಯತೇ, ಮನೆಗೆ ಹೋಗ್ಬೇಕಾದ್ರೆ ಬಸ್ಸಿಳಿದು ಮುಕ್ಕಾಲು ಗಂಟೆ ನಡೀಬೇಕಿತ್ತು, ಈಗ ಜೀಪು ಹೋಗ್ತದೆ. ಕುಡಿಯುವ ನೀರು ಇವತ್ತಿಗೂ ಗುಡ್ಡೆಗೆ ಅಡ್ಡ ಕೊರೆದ ಸುರಂಗದಿಂದ ಬರುದು. ಆದ್ರೆ ನಮ್ಮಲ್ಲಿ ಒಂದು ಧೈರ್ಯ ಎಂತದ್ದು ಅಂದ್ರೆ ಪಂಚಾಯತ್ ಆಫೀಸು. ಜನನ ಸರ್ಟಿಫಿಕೇಟು, ಮನೆ ತೆರಿಗೆ, ಪೆನ್ಶನ್ನು, ಎಲ್ಲ ಅಲ್ಲೇ ಆಗ್ತದೆ, ಕೃಷಿಭವನವೂ ಹತ್ರವೇ. 1996ರಲ್ಲಿ ಜನಕೀಯಾಸೂತ್ರಣ (ಯೋಜನೆಯ ಹಣ ಪಂಚಾಯತಿಗೇ ಕೊಡುವ ಕೇರಳದ ಕ್ರಮ) ಶುರು ಆದ ಮೇಲೆ ಮೆಂಬರ್ ಹತ್ರ ಹಣ ಉಂಟು, ಹಾಗಾಗಿ ರಸ್ತೆ ಹಾಳಾದ್ರೆ ಬೈಯ್ಲಿಕ್ಕೆ ಒಬ್ಬ ಮನುಷ್ಯ ಇರ್ತಾನೆ, ದಿನಾ ಅಂಗಡಿ ಹತ್ರ ಸಿಗ್ತಾನೆ. ತಾಳವಾಡಿಯಲ್ಲಿ ಹಾಗೆ ಉಂಟಾ? ಪುರಸಭೆಯಾ ಪಂಚಾಯತಾ ಅದು? ತಾಲೂಕು ಅಂತಾರೆ, ಮ್ಯಾಪಲ್ಲಿ ನೋಡಿದ್ರೆ ಸುತ್ತ ಹಸುರೇ ಹಸುರು, ನಡುವೆ ನಾಲ್ಕು ರಸ್ತೆ.

ಮತ್ತೆ ಮುಖ್ಯ ವಿಷಯ, ಮಗಳು ಈಗ ಮೂರನೇ ಕ್ಲಾಸು, ಮಗ ಸಣ್ಣವ. ಅಲ್ಲಿ ಕನ್ನಡ ಮೀಡಿಯಂ ಉಂಟು ಅಂತ ಕೇಳಿದ್ದೆ, ಹೌದಾ? ನಮ್ಮಲ್ಲಿ 2017ರ ಮಲಯಾಳಂ ಕಡ್ಡಾಯ ಕಾಯ್ದೆ ಬಂದಾಗ ಎಷ್ಟು ಗಲಾಟೆ ಆಯ್ತು ಗೊತ್ತಲ್ಲ, ಅದರಿಂದ ತಪ್ಪಿಸಿಕೊಂಡು ಹೋಗಿ ತಮಿಳು ಕಡ್ಡಾಯಕ್ಕೆ ಬೀಳುದಾ ಅಂತ ಹೆಂಡತಿ ಕೇಳ್ತಿದ್ದಾಳೆ. ಜನ ಹೇಗೆ? ಬಾಡಿಗೆ ಮನೆ ಸಿಗ್ತದಾ? ಊರಿಗೆ ಬರ್ಬೇಕಾದ್ರೆ ಯಾವ ದಾರಿ? ಕುಚ್ಚಲಕ್ಕಿ ಮೀನು ಸಿಗುದಿಲ್ಲ ಅಂತ ಗೊತ್ತುಂಟು, ಅದನ್ನು ಬಿಟ್ಟು ಬಾಕಿ ಹೇಳಿ. ಸುಮ್ಮನೆ ಗೂಗಲ್ ಮಾಡಿ ಉತ್ತರ ಹಾಕ್ಬೇಡಿ, ಅದು ನಾನೂ ಮಾಡಿದ್ದೇನೆ.

ಟೊಮೇಟೊ_ಸಾವ್ಕಾರ:

ಮ್ಯಾನೇಜರ್ ಸಾ, ಬನ್ನಿ ಬನ್ನಿ. ಮೊದ್ಲು ದಾರಿ ವಿಚಾರ ಹೇಳ್ಬುಡ್ತಿನಿ, ಅದು ಗೊತ್ತಾದ್ರ ಊರೇ ಅರ್ಧ ಗೊತ್ತಾದಂಗ. ನಿಮ್ಮ ಕೊಯಮತ್ತೂರ್ ಫ್ರೆಂಡ್ಸು ಮಲೆ ಮಲೆ ಅಂತ ಹೆದರ್ಸವ್ರಲ್ಲ, ಅವ್ರು ಕೆಳಗ ನಿಂತ್ಕಂಡು ನೋಡದು ಅದ್ಕ ಹಂಗ. ಸತ್ಯಮಂಗಲ ಬುಟ್ಟು ಬಣ್ಣಾರಿ ಅಮ್ಮನ್ಗ ಕೈ ಮುಗ್ದು ದಿಂಬಂ ಘಾಟಿ 27 ಹೇರ್‌ಪಿನ್ ಬೆಂಡು ಸುತ್ಕಂಡು ಬಂದ್ರ ಹೌದು, ಇದು ಮಲೆ. ಅದೇ ಚಾಮರಾಜನಗರದ ಕಡಯಿಂದ ಬನ್ನಿ, ಘಾಟಿನೂ ಇಲ್ಲ ಗೀಟಿನೂ ಇಲ್ಲ, ಸುಮಾರು 25 ಕಿ.ಮೀ, ಸೈಕಲ್ ತುಳ್ಕಂಡೂ ಬರ್ಬೋದು. ಈರೋಡ್‌ನವ್ರ್ಗ ನಾವು ಬೆಟ್ಟದ ಮೇಲ ಅವಿ, ಚಾಮರಾಜನಗರದವ್ರ್ಗ ನಾವು ಪಕ್ಕದ ಹೊಲ. ಸರ್ಕಾರ ಎಲ್ಲ ಬೆಟ್ಟದ ಕೆಳಗ, ನೆಂಟ್ರು ಸಂತೆ ಆಸ್ಪತ್ರೆ ಸಿನಿಮಾ ಎಲ್ಲ ಬಯಲ್ನ ಕಡ. ಇಷ್ಟೀಯ ತಾಳವಾಡಿ.

ಹಂಗಾಗಿ ನೀವು ಊರಿಂದ ಬರೋದಾದ್ರ ಕೊಯಮತ್ತೂರ್ ಮರ್ತ್ಬುಡಿ. ಸುಳ್ಯ, ಮಡಿಕೇರಿ, ಮೈಸೂರು, ಚಾಮರಾಜನಗರ, ತಾಳವಾಡಿ. ಕೊನೇ ಒಂದ್ ತುಂಡು ಮಾತ್ರ ತಮಿಳ್ನಾಡು. ಘಾಟಿ ಬೇಕು ಅಂದ್ರ ಮಡಿಕೇರೀಲೇ ಸಿಕ್ತದ ನಿಮ್ಗ.

ರಾತ್ರಿ ಬಂದ್ ಅಂದ್ರಲ್ಲ, ಅದು ನಿಜ. 2022 ಫೆಬ್ರವರಿ 10ರಿಂದ ಕೋರ್ಟ್ ಆರ್ಡರು. ಬಣ್ಣಾರಿಯಿಂದ ಕಾರಪಳ್ಳಂ ಚೆಕ್‌ಪೋಸ್ಟ್ ಗಂಟ, ಲಾರಿಗಳು ಸಂಜ 6ರಿಂದ ಬೆಳಗ್ಗ 6, ಕಾರು ಬೈಕು ರಾತ್ರಿ 9ರಿಂದ ಬೆಳಗ್ಗ 6. ಕಾರಣ ಏನಂದ್ರ ರಾತ್ರಿ ಹೊತ್ತು ಗಾಡಿಗ ಸಿಕ್ಕಿ ಚಿರತೆ ಜಿಂಕೆ ಎಲ್ಲ ಸಾಯ್ತಿದ್ವು, ಅದ್ನ ಇಲ್ಲ ಅನ್ನಕಾಗಲ್ಲ. ಆದ್ರ ನಾವ್ ಕೋಸು ಟೊಮೇಟೊ ಸಂಜ ಕಿತ್ತು ರಾತ್ರಿ ಲೋಡ್ ಮಾಡಿ ಬೆಳಗಾಗದ್ರೊಳಗ ಮೇಟ್ಟುಪಾಳ್ಯಂ ಮಂಡಿಗ ಮುಟ್ಸ್ಬೇಕು, ಅದ್ಕ ಆವಾಗ ಊರೆಲ್ಲ ಅಂಗಡಿ ಮುಚ್ಚಿ ರೋಡ್ಗ ಇಳ್ದಿದ್ವು. ಆಮೇಲ ಲೋಕಲ್ನೋರ್ಗ ಸಡ್ಲ ಮಾಡುದ್ರು, ಅಡ್ರೆಸ್ ಪ್ರೂಫ್ ತೋರ್ಸಿದ್ರ ಬುಡ್ತರ. ನಿಮ್ದು ಕೆ.ಎಲ್. 14 ಗಾಡಿ ಇದ್ರ ಶುರುಲಿ ಸ್ವಲ್ಪ ಕಿರಿಕಿರಿ, ಬಾಡ್ಗೆ ಅಗ್ರಿಮೆಂಟು ಗಾಡೀಲೇ ಮಡಗಿ.

ಆನೆ ಅದ. ಹುಲಿನೂ ಅದ. ಸತ್ಯಮಂಗಲ ಟೈಗರ್ ರಿಸರ್ವ್ 2013ರಲ್ಲಿ ಆಯ್ತು, 1,400 ಚದರ ಕಿ.ಮೀ ಮೇಲ ಅದ, ನಮ್ಮ ಹೊಲ್ಗಳು ಅದ್ರ ಸೆರಗ್ನಲ್ಲಿ. ಪೇಟೆ ಒಳ್ಗ ನಿಮ್ಗೇನೂ ಆಗಲ್ಲ, ಹೊಲ್ದಲ್ಲಿ ಮನ ಮಾಡ್ಕಂಡಿರೋರ್ದು ಪಾಡು. ಕರುಪ್ಪನ್ ಅಂತ ಒಂದಾನ ಇತ್ತು, ಇಬ್ರು ಕಾವಲಿದ್ದೋರ್ನ ಸಾಯ್ಸ್ತು, ಕುಮ್ಕಿ ಆನೆ, ಅಂದ್ರ ಪಳಗ್ಸಿದ್ ಆನೆ, ತಂದು ಮದ್ದಿನ ಇಂಜೆಕ್ಷನ್ ಹೊಡ್ದು ಸುಮಾರ್ ಸಲ ಟ್ರೈ ಮಾಡಿ ಕೊನೆಗ 2023 ಏಪ್ರಿಲ್ನಲ್ಲಿ ಹಿಡಿದ್ರು. ಹಿಡಿಯೋ ದಿನ ಜಾತ್ರೆ ಕನ, ಕಬ್ಬಿನ್ ಗದ್ದೆ ಬದೀನಲ್ಲಿ ಬೋಂಡಾ ಮಾರೋನೂ ಬಂದಿದ್ದ.

ನಂದೇ ಒಂದು ಹೇಳ್ತಿನಿ ಕೇಳಿ. ಮುಕ್ಕಾಲ್ ಎಕರೆ ಬಾಳೆ ಹಾಕಿದ್ದಿ, ಗೊನೆ ಬಲ್ತು ಇನ್ನು ಹದ್ನೈದ್ ದಿನ ಅಷ್ಟೀಯ. ಬೇಲಿಗ ಸೋಲಾರ್ ಅದ, ಆದ್ರ ಆನೆ ಒಣ್ಗಿದ್ ಮರ ಎಳ್ದು ತಂತಿ ಮೇಲ ಹಾಕಿ ದಾಟ್ತದ, ನಾವ್ ಕಲ್ಸಿಲ್ಲ ಅದ್ಕ. ನಾನೂ ನಮ್ಮ ಭಾವನೂ ಅಟ್ಟದ ಮ್ಯಾಲ ಮೂರ್ ರಾತ್ರಿ ಕಾದ್ವು, ತಗಡು ಬಡ್ದು, ಪಟಾಕಿ ಹಚ್ಚಿ, ಟಾರ್ಚ್ ಬುಟ್ಟು. ಏನೂ ಬರ್ಲಿಲ್ಲ. ನಾಕ್ನೇ ದಿನ ಚಾಮರಾಜನಗರದಲ್ಲಿ ನಮ್ಮಕ್ಕನ ಮಗಳ ಮದ್ವ, ಹೋಗ್ನೇಬೇಕು, ಧಾರೆ ಮುಗ್ಸಿ ಊಟ ಮಾಡಿ ಬೆಳಿಗ್ಗ ಐದುವರೆಗ ಬಂದು ನೋಡ್ತಿನಿ, ಹೊಲ ಚಾಪೆ ಸುತ್ತಿಟ್ಟಂಗ ಅದ. ಗೊನೆ ಮುಟ್ಟಿಲ್ಲ ಸಾ ಅದು! ಗೊನೆ ನೆಲದ ಮೇಲ ಬುಟ್ಟು ಒಳಗಿನ ದಿಂಡು ಮಾತ್ರ ಸೀಳಿ ತಿಂದದ. ಡ್ರಿಪ್ ಪೈಪು ಕಿತ್ತು ಹಾರ ಮಾಡ್ಕಂಡ್ ಹೋಗದ. ಪರಿಹಾರಕ್ಕ ಫೋಟೋ ಅರ್ಜಿ ಎಲ್ಲ ಕೊಟ್ವು, ಬಂತು, ಯಾವಾಗ ಬಂತು ಅಂದ್ರ ಅದೇ ಹುಡ್ಗಿ ಮಗೀನ ನಾಮಕರಣದ ಹೊತ್ಗ.

ಆಮೇಲ ನಿಮ್ ಬ್ರಾಂಚ್ ವಿಚಾರ. ಬಿತ್ನೆ ಟೈಮಲ್ಲಿ ಎಲ್ರೂ ಒಡವೆ ತಂದು ಇಡ್ತರ, ಬೆಳೆ ಕೈಗ್ ಬಂದ್ ಮೇಲ ಬುಡಿಸ್ಕತಾರ, ಅದ್ರಲ್ಲೇ ಊರ್ ನಡಿತದ. ಟೊಮೇಟೊ ರೇಟ್ ಬಿದ್ದ ವಾರ ಬ್ರಾಂಚ್‌ಲಿ ನೊಣ ಹೊಡಿತಾ ಕೂತಿರ್ತಿರಿ. ರೇಟ್ ಎದ್ದ ವಾರ ಕ್ಯಾಷ್ ಸಾಕಾಗಲ್ಲ.

ಬೆಂದಕಾಳೂರು_ರೈಡರ್:

ಬ್ರೋ ಸೂಪರ್ ಪೋಸ್ಟಿಂಗ್, ಜಾಕ್‌ಪಾಟ್! ನಾವು ಹೋದ ವರ್ಷ ದಿಂಬಂ ರೈಡ್ ಹೋಗಿದ್ವಿ, ಬೆಳಗ್ಗೆ ಮಂಜು ಅಂದ್ರೆ ಮಂಜು, ಹಾಸನೂರು ಹತ್ರ ಕಬ್ಬಿನ ಲಾರಿ ನಿಲ್ಲಿಸಿ ಆನೆ ತಿಂತಿತ್ತು ಲೈವ್ ನೋಡಿದ್ವಿ. ಅಲ್ಲಿ ಪುಟ್ಟದಾಗಿ ಹೋಂಸ್ಟೇ ಹಾಕ್ಬಿಡಿ, ನಾವೆಲ್ಲ ಬರ್ತೀವಿ.

ಟೊಮೇಟೊ_ಸಾವ್ಕಾರ:

ತಮ್ಮಾ, ಆ ಕಬ್ಬಿನ್ ಲಾರಿಲಿ ಇದ್ದದ್ದು ನಮ್ಮಂತೋರ್ ಕಬ್ಬೇ. ಹೈಟ್ ಜಾಸ್ತಿ ಲೋಡ್ ಮಾಡಿ ಚೆಕ್‌ಪೋಸ್ಟ್ ಕಂಬಿಗ ತಗ್ಲಿ ಕೆಳಗ ಬೀಳ್ತದ, ಆನೆ ಅದ್ನ ತಿಂದು ರುಚಿ ಕಲ್ತು ಈಗ ಟೋಲ್ ಕಲೆಕ್ಟರ್ ಥರ ರೋಡ್ಲೇ ನಿಂತಿರ್ತದ. ಮರಿನೂ ಜೊತೇಲಿ ನಿಂತು ಕಲಿತದ. ನೀವ್ ಬೈಕ್ ನಿಲ್ಸಿ ವೀಡಿಯೋ ಮಾಡ್ಬೇಡಿ ಅಷ್ಟೇ, ಬನ್ನಿ, ಮುದ್ದೆ ಉಪ್ಸಾರು ಹಾಕ್ತಿವಿ.

ಚುಕ್ಕಿ_ಟೀಚರ್:

ಸೋಗೆ ಸರ್, ನಾನು ಈ ತಾಲೂಕಲ್ಲಿ ಹದಿನಾಲ್ಕು ವರ್ಷದಿಂದ ಪಾಠ ಮಾಡ್ತಿದ್ದೀನಿ, ಯಾವ ಶಾಲೆ ಅಂತ ಕೇಳ್ಬೇಡಿ. ಆನೆ ವಿಷಯ ಸಾವ್ಕಾರ್ರು ಹೇಳಾಯ್ತು, ನಾನು ಶಾಲೆ ಮತ್ತೆ ಆಫೀಸು ಹೇಳ್ತೀನಿ.

ಕನ್ನಡ ಮೀಡಿಯಂ ಇದೆ. ಸರ್ಕಾರಿ ಶಾಲೆಗಳಲ್ಲೇ ಇದೆ, ಪುಸ್ತಕ ತಮಿಳುನಾಡು ಸರ್ಕಾರವೇ ಕನ್ನಡದಲ್ಲಿ ಪ್ರಿಂಟ್ ಮಾಡಿಸಿ ಕೊಡುತ್ತೆ. ಆದ್ರೆ ಸಿಲಬಸ್ ತಮಿಳುನಾಡಿಂದು ಅನ್ನೋದು ನೆನಪಿರಲಿ, ನಾಳೆ ಮಗಳನ್ನ ಮಂಗಳೂರಿಗೋ ಕಾಸರಗೋಡಿಗೋ ಕರ್ಕೊಂಡು ಹೋದ್ರೆ ಸ್ವಲ್ಪ ಹೊಂದಿಸಿಕೊಳ್ಳಬೇಕಾಗುತ್ತೆ. ತಮಿಳು ಕಡ್ಡಾಯ ವಿಷಯ, ಅದು 2006ರ ಕಾಯ್ದೆ. ಆ ವರ್ಷ ಒಂದನೇ ಕ್ಲಾಸಿಂದ ಶುರು ಮಾಡಿ ವರ್ಷಕ್ಕೊಂದು ಕ್ಲಾಸ್ ಮೇಲಕ್ಕೆ ಹೋಯ್ತು, 2015-16ರ ಹೊತ್ತಿಗೆ ಎಸ್ಸೆಸ್ಸೆಲ್ಸಿಗೆ ಬಂತು. ಆವಾಗ ನಮ್ಮ ಮಕ್ಕಳಿಗೆ ನಿಜವಾಗ್ಲೂ ಕಷ್ಟ ಆಯ್ತು, ಯಾಕಂದ್ರೆ ಕಾಯ್ದೆ ಬಂತೇ ಹೊರತು ಕಲಿಸೋಕೆ ತಮಿಳು ಟೀಚರ್ ಎಲ್ಲ ಶಾಲೆಗೂ ಬಂದಿರಲಿಲ್ಲ. ಅಲ್ಪಸಂಖ್ಯಾತ ಭಾಷೆಯವರು ಕೋರ್ಟಿಗೆ ಹೋಗಿ ಕೆಲವು ವರ್ಷ ವಿನಾಯಿತಿ ತಂದ್ರು. ನಿಮ್ಮ ಮಗಳು ಮೂರನೇ ಕ್ಲಾಸು ತಾನೇ, ಇನ್ನೂ ಟೈಮಿದೆ. ಕೊಯಮತ್ತೂರಲ್ಲಿ ಇದ್ದ ಮಗು ಅಂದ್ರೆ ತಮಿಳು ಮಾತಾಡೋಕೆ ಬರುತ್ತೆ, ನಮ್ಮ ಇಲ್ಲಿನ ಮಕ್ಕಳಿಗಿಂತ ಅವಳೇ ಮುಂದೆ ಇರ್ತಾಳೆ ನೋಡಿ.

ಇಲ್ಲಿ ಮಕ್ಕಳಿಗೆ ಒಂದು ತಮಾಷೆ ಆಗುತ್ತೆ. ತಮಿಳು ಡಿಕ್ಟೇಷನ್ ಕೊಟ್ರೆ ಮಳೈ ಬರೆಯೋ ಕಡೆ ಮಲೈ ಬರೀತಾರೆ, ಕನ್ನಡ ಕೊಟ್ರೆ ಮಲೆಗೆ ಮಳೆ ಬರೀತಾರೆ. ಒಬ್ಬ ಹುಡುಗ "ನಮ್ಮೂರಲ್ಲಿ ದೊಡ್ಡ ಮಳೆ ಇದೆ, ಅದರ ಮೇಲೆ ಹುಲಿ ಇದೆ" ಅಂತ ಬರೆದಿದ್ದ. ನಾನು ಕೆಂಪು ಗೆರೆ ಹಾಕೋಕೆ ಮುಂಚೆ ಸ್ಟಾಫ್ ರೂಮಲ್ಲಿ ಎಲ್ಲರಿಗೂ ತೋರಿಸಿ ಬಂದೆ. ಇನ್ನು ನಿಮ್ಮ "ಉಂಟು" ಕೇಳಿ ಮಕ್ಕಳು ನಗ್ತಾರೆ, ಬೇಜಾರು ಮಾಡ್ಕೋಬೇಡಿ. ಇಲ್ಲಿ "ಅದ", "ಬತ್ತದ", "ಕನ". ಆರು ತಿಂಗಳಲ್ಲಿ ನಿಮ್ಮ ಮಗ ಮನೇಲಿ "ಹಂಗಲ್ಲ ಕನಪ್ಪ" ಅನ್ನದಿದ್ರೆ ಕೇಳಿ.

ಪುರಸಭೆ ಅಂದ್ರಲ್ಲ, ಅದೇನೂ ಇಲ್ಲ. ತಾಲೂಕು ಕೇಂದ್ರ ಆದ್ರೂ ತಾಳವಾಡಿ ಗ್ರಾಮ ಪಂಚಾಯ್ತಿನೇ. ನಿಮ್ಮ ಕೇರಳದ ಪಂಚಾಯತ್ ಮನಸ್ಸಲ್ಲಿಟ್ಟು ಬಂದ್ರೆ ನಿರಾಸೆ ಆಗುತ್ತೆ. ಇಲ್ಲಿ ಊರು ಪಂಚಾಯ್ತಿ ಅಂದ್ರೆ ನಲ್ಲಿ ನೀರು, ಬೀದಿ ದೀಪ, ಮನೆ ತೆರಿಗೆ, ನೂರು ದಿನದ ಕೆಲಸ, ಇಷ್ಟು. ಅದರ ಮೇಲೆ ಯೂನಿಯನ್ ಆಫೀಸು, ಅಂದ್ರೆ ಬ್ಲಾಕ್ ಮಟ್ಟದ ಪಂಚಾಯ್ತಿ, ಅಲ್ಲಿ ಬಿ.ಡಿ.ಓ. ಜಮೀನು, ಜಾತಿ, ಆದಾಯ ಅಂದ್ರೆ ವಿ.ಎ.ಓ (ಗ್ರಾಮ ಆಡಳಿತಾಧಿಕಾರಿ) ಹತ್ರ ಶುರು ಮಾಡಿ ತಹಸೀಲ್ದಾರ್ ತನಕ. ಪಹಣಿ ಅಂತ ಕೇಳಿದ್ರೆ ಆಫೀಸಲ್ಲಿ ಮುಖ ನೋಡ್ತಾರೆ, ಪಟ್ಟಾ, ಚಿಟ್ಟಾ, ಅಡಂಗಲ್ ಅನ್ಬೇಕು, ಬೆಳೆ ಸಾಲ ಕೊಡೋವಾಗ ನಿಮಗೇ ದಿನಾ ಬೇಕಾಗುತ್ತೆ ಇವು. 2019 ಡಿಸೆಂಬರಲ್ಲಿ ಎಲೆಕ್ಷನ್ ಆಗಿ ಬಂದ ಪ್ರೆಸಿಡೆಂಟ್‌ಗಳ ಅವಧಿ 2025 ಜನವರಿಗೆ ಮುಗೀತು, ಆಮೇಲೆ ಸ್ಪೆಷಲ್ ಆಫೀಸರ್ ಕೈಗೆ ಹೋಯ್ತು. ಅಂಗಡಿ ಹತ್ರ ಸಿಕ್ಕಿದವರನ್ನ ಬೈಯೋ ನಿಮ್ಮ ಅಭ್ಯಾಸ ಇಲ್ಲಿ ಕಷ್ಟ.

ಆದ್ರೂ ಮೊದಲಿಗಿಂತ ವಾಸಿ ಅಂತೀನಿ. 2016ರಲ್ಲಿ ತಾಲೂಕು ಆಗೋ ತನಕ ಒಂದು ಜಾತಿ ಸರ್ಟಿಫಿಕೇಟಿಗೂ ಸತ್ಯಮಂಗಲಕ್ಕೆ ಇಳೀಬೇಕಿತ್ತು. ಬೆಳಗಿನ ಬಸ್ಸಿಗೆ ತಾಯಿ ಮಗಳು ಹೋಗಿ, 27 ತಿರುವಲ್ಲಿ ವಾಂತಿ ಮಾಡ್ಕೊಂಡು, ಮಧ್ಯಾಹ್ನ "ನಾಳೆ ಬಾ" ಅನ್ನಿಸ್ಕೊಂಡು ಮತ್ತೆ ಅದೇ 27 ಹತ್ತಿ ಬರೋರು. ಈಗ್ಲೂ ನೋಡಿ, ಜಿಲ್ಲೆ ಈರೋಡು, ಎಂ.ಎಲ್.ಎ ಕ್ಷೇತ್ರ ಭವಾನಿಸಾಗರ, ಎಂ.ಪಿ ಕ್ಷೇತ್ರ ನೀಲಗಿರಿ. ಮೂರೂ ಬೆಟ್ಟದ ಆಚೆ.

ಮನೆ ಸಿಗುತ್ತೆ, ಪೇಟೆ ಒಳಗೇ ನೋಡಿ. ನೀರು ಕೇಳಿ ಅಡ್ವಾನ್ಸ್ ಕೊಡಿ. ನಿಮ್ಮ ಕಡೆ ಮಳೆ ಇಲ್ಲಿಲ್ಲ, ಮುಂಗಾರು ನಮ್ಮನ್ನ ದಾಟಿ ಹೋಗುತ್ತೆ, ಬೋರ್‌ವೆಲ್ ಎಷ್ಟು ಆಳ ಅಂತ ಓನರ್ ಹೆಮ್ಮೆಯಿಂದ ಹೇಳಿದ್ರೆ ಆ ಮನೆ ಬೇಡ.

ಬರಗೂರ್_ಹಟ್ಟಿ:

ನಾನು ತಾಳವಾಡಿಯವನಲ್ಲ, ಅದೇ ಈರೋಡ್ ಜಿಲ್ಲೆ, ಅಂದಿಯೂರಿಂದ ಮೇಲೆ ಬರಗೂರು ಬೆಟ್ಟ. ನಮ್ದೂ ಕನ್ನಡ. ತಾಳವಾಡಿಯವರು ಬೆಟ್ಟದ ಕಷ್ಟ ಹೇಳೋವಾಗ ನಮಗೆ ನಗು ಬತ್ತದೆ, ಅವರ್ಗೆ ಒಂದು ಕಡೆಯಾದ್ರೂ ಬಯಲು ಅದೆ, ತಾಲೂಕಾಫೀಸು ಅದೆ. ನಮ್ದು ಯಾವ ಕಡೆ ಹೋದ್ರೂ ಇಳಿಬೇಕು, ತಿರ್ಗ ಹತ್ತಬೇಕು.

ಬರಗೂರು ದನ ಅಂದ್ರೆ ಗೊತ್ತಿರ್ಬೋದು, ಕೆಂದು ಮೈ ಮೇಲೆ ಬಿಳಿ ಮಚ್ಚೆ. ನಮ್ಮಲ್ಲಿ ದನ ಮನೆ ಹತ್ರ ಕಟ್ಟೋದು ಕಮ್ಮಿ, ಕಾಡೊಳಗೆ ಪಟ್ಟಿ (ದನದ ದೊಡ್ಡಿ) ಹಾಕಿ ಅಲ್ಲೇ ಬುಡೋದು, ಕಾಯೋನೂ ಅಲ್ಲೇ. ಹಾಲು ಕಮ್ಮಿ, ಆದ್ರೆ ಗೊಬ್ಬರಕ್ಕೆ ಉಳುಮೆಗೆ ಅದೇ. ಹತ್ರ ಹೋದ್ರೆ ಗುರುತಿಲ್ಲದೋರನ್ನ ಹಾಯ್ತದೆ, ನಾಯಿ ಬೇಕಿಲ್ಲ. 2022ರಲ್ಲಿ ಕಾಡಲ್ಲಿ ದನ ಮೇಯಿಸ್ಬಾರ್ದು ಅಂತ ಹೈಕೋರ್ಟ್ ಆರ್ಡರ್ ಬಂತು, ಆಮೇಲೆ ಅದು ಅಭಯಾರಣ್ಯ, ಟೈಗರ್ ರಿಸರ್ವ್‌ಗೆ ಮಾತ್ರ ಅಂತ ಬದ್ಲಾಯಿಸಿದ್ರು, ಉಸಿರು ಬಂತು. 2024ರಲ್ಲಿ ನಮ್ಮ ಕಾಡನ್ನೇ ಅಭಯಾರಣ್ಯ ಅಂದ್ರು. ನಮ್ಮಪ್ಪನ ಕಾಲದಲ್ಲಿ ನೂರರ ಲೆಕ್ಕದಲ್ಲಿ ಇದ್ದ ದನ ಈಗ ನಮ್ಮನೇಲಿ ಒಂಬತ್ತು.

ಇದೆಲ್ಲ ಯಾಕೆ ಹೇಳ್ದೆ ಅಂದ್ರೆ, ಸೋಗೆ ಅಣ್ಣ, ನೀವು ಲೋನ್ ಕೊಡೋ ಸೀಟಲ್ಲಿ ಕೂರೋರು. ಬೆಟ್ಟದವನು ಬಂದು ಹತ್ತು ದನ ಅವೆ ಅಂದ್ರೆ ಕೊಟ್ಟಿಗೆ ಎಲ್ಲಿ ಫೋಟೋ ತೋರ್ಸು ಅನ್ಬೇಡಿ. ನನಗೆ ಒಂದು ಬ್ಯಾಂಕಲ್ಲಿ ಹಂಗೇ ಅಂದ್ರು. ಕಾಡೇ ಕೊಟ್ಟಿಗೆ ಸಾರ್ ಅಂದೆ, ನಕ್ಕು ಫೈಲ್ ಪಕ್ಕಕ್ಕಿಟ್ರು.

ಮೈಸೂರ್_ಮಲ್ಲಿಗೆ_77:

ಎಲ್ಲ ಓದಿ ಬೇಜಾರಾಯ್ತು. ಮಾತಾಡೋದು ಕನ್ನಡ, ಹತ್ತಿರ ಚಾಮರಾಜನಗರ, ಡಾ. ರಾಜ್ ಊರು ದೊಡ್ಡ ಗಾಜನೂರು ಇರೋದು ಅಲ್ಲೇ, ಆದ್ರೂ ತಮಿಳುನಾಡಲ್ಲಿ ಯಾಕೆ? 1956ರಲ್ಲಿ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಿಂದ ಮೈಸೂರಿಗೆ ಬಂತು, ತಾಳವಾಡಿ ಬಿಟ್ಟೇಬಿಟ್ರು. ಈಗ್ಲಾದ್ರೂ ಕರ್ನಾಟಕಕ್ಕೆ ಸೇರಿಸಬೇಕು ಅಂತ ನೀವೆಲ್ಲ ಹೋರಾಟ ಮಾಡ್ಬೇಕು.

ಟೊಮೇಟೊ_ಸಾವ್ಕಾರ:

ಅಣ್ಣ, ನಿಮ್ ಪ್ರೀತಿ ದೊಡ್ದು, ಆದ್ರ ಹೋರಾಟ ನಾವ್ ಮಾಡ್ಬೇಕು, ಬೇಜಾರ್ ನೀವ್ ಪಡ್ಬೇಕು, ಇದ್ಯಾವ್ ಲೆಕ್ಕ. 2000 ಇಸ್ವಿ ಜುಲೈ 30ರ ರಾತ್ರಿ ಅಣ್ಣಾವ್ರನ್ನ ಗಾಜನೂರ್ ಮನೆಯಿಂದ ಕರ್ಕಂಡ್ ಹೋದಾಗ 108 ದಿನ ನಮ್ಮೂರ್ ಹೆಸ್ರು ದಿನಾ ಪೇಪರ್ನಲ್ಲಿ. ಅದಾದ್ಮೇಲ ಆ ಕಡೆಯೋರೂ ಮರ್ತ್ರು, ಈ ಕಡೆಯೋರೂ ಮರ್ತ್ರು.

ನಮ್ಮನೆ ಲೆಕ್ಕ ಹೇಳ್ತಿನಿ ನೋಡಿ. ನಮ್ಮಕ್ಕನ್ನ ಚಾಮರಾಜನಗರಕ್ಕ ಕೊಟ್ಟಿರದು. ಅವ್ಳ್ಗ ಗೃಹಲಕ್ಷ್ಮಿ 2,000, ಬಸ್ ಫ್ರೀ. ನಮ್ಮವ್ವನ್ಗ ಇಲ್ಲಿ ಸ್ಟಾಲಿನ್ ಶುರು ಮಾಡಿದ್ 1,000. ಅಕ್ಕ ಬಂದಾಗೆಲ್ಲ ಅವ್ವನ್ನ ರೇಗಿಸ್ತಳ, "ಗಡಿಯಿಂದ ಈಚ್ಗ ಮದ್ವ ಮಾಡ್ಕಂಡಿದ್ರ ಡಬಲ್ ಸಿಕ್ಕದು" ಅಂತ. ಅವ್ವ ಬುಡ್ತಾಳಾ, ರೇಷನ್ ಅಕ್ಕಿ ಮೂಟೆ ತೋರ್ಸಿ "ಇದ್ರಲ್ಲಿ ಮಾಡಿದ್ ಅನ್ನನೇ ತಿಂತಾ ಇದ್ದೀಯ, ಎದ್ದೇಳು" ಅಂತಳ. ಚಾಮರಾಜನಗರ್ದ ಬಸ್ಸಲ್ಲಿ ಇಬ್ರೂ ಒಂದೇ ಸೀಟ್ನಲ್ಲಿ ಕೂತು ಹೋದ್ರ ಅಕ್ಕನ್ಗ ಸೊನ್ನೆ ಟಿಕೆಟ್, ಅವ್ವನ್ಗ ದುಡ್ಡು ಕೊಟ್ಟು ಟಿಕೆಟ್. ಕಂಡಕ್ಟರು ಆಧಾರ್ ನೋಡಿ "ಅಮ್ಮಾ ನೀವ್ ತಮಿಳ್ನಾಡ" ಅಂದಾಗ ಅವ್ವ ಕನ್ನಡದಲ್ಲೇ ಬೈತಳ ಅವನ್ನ.

ಇನ್ನು ಜನ ಹೆಂಗ ಅಂತ ಕೇಳಿದ್ರಿ ಮ್ಯಾನೇಜರ್ ಸಾ, ಅದ ಹೇಳದೇ ಮರ್ತಿದ್ದಿ. ದೀಪಾವಳಿ ಆದ ಮಾರ್ನೇ ದಿನ ಇಲ್ಲೇ ಗುಮಟಾಪುರಕ್ಕ ಬನ್ನಿ, ಗೊರೆ ಹಬ್ಬ. ಬೀರೇಶ್ವರನ ಗುಡಿ ಹತ್ರ ಊರ್ ದನಗಳ ಸಗಣಿ ಎಲ್ಲ ಒಂದ್ ಕಡೆ ಗುಡ್ಡೆ ಹಾಕ್ತರ, ಚಾಡಿಕೋರನ್ನ ಕತ್ತೆ ಮೇಲ ಮೆರವಣಿಗೆ ಮಾಡ್ತರ, ಆಮೇಲ ಗಂಡಸ್ರೆಲ್ಲ ಬರಿ ಮೈಲಿ ಇಳ್ದು ಸಗಣಿ ಉಂಡೆ ಕಟ್ಟಿ ಒಬ್ರಿಗೊಬ್ರು ಹೊಡಿಯದು. ವರ್ಷೆಲ್ಲ ಇದ್ದ ಜಗಳ ಅಲ್ಲೇ ತೀರೋಯ್ತದ. ಲೋನ್ ರಿಜೆಕ್ಟ್ ಮಾಡಿದ್ ವರ್ಷ ನೀವ್ ಬರ್ಬೇಡಿ ಅಷ್ಟೀಯ.

ಚುಕ್ಕಿ_ಟೀಚರ್:

ಒಂದು ಸೇರಿಸ್ತೀನಿ. ಹುಷಾರಿಲ್ಲದಿದ್ರೆ ಏನು ಗತಿ ಅಂತ ಯಾರೋ ಹೆದರಿಸಿದ್ರಲ್ಲ, ತಾಳವಾಡಿಯಲ್ಲೇ ಸರ್ಕಾರಿ ಆಸ್ಪತ್ರೆ ಇದೆ, ಜ್ವರ ನೆಗಡಿಗೆ ಸಾಕು. ರಾತ್ರಿ ದೊಡ್ಡದೇನಾದ್ರೂ ಅಂದ್ರೆ ನಾವ್ಯಾರೂ ಘಾಟಿ ಇಳಿಯಲ್ಲ, ಚಾಮರಾಜನಗರದಲ್ಲಿ ಮೆಡಿಕಲ್ ಕಾಲೇಜು ಇದೆ, ಅಲ್ಲಿಗೇ ಹೋಗೋದು. 2020ರ ಕೊರೊನಾ ಟೈಮಲ್ಲಿ ಮಾತ್ರ ಗಡಿ ಮುಚ್ಚಿದಾಗ ಗೊತ್ತಾಯ್ತು ನಮಗೆ ನಾವು ಬೇರೆ ರಾಜ್ಯ ಅಂತ. ನನ್ನ ಅತ್ತೆಗೆ ಬಿ.ಪಿ ಮಾತ್ರೆ ತರೋಕೆ ನಮ್ಮ ಯಜಮಾನ್ರು ಚೆಕ್‌ಪೋಸ್ಟ್ ತನಕ ಹೋಗಿ, ಆ ಕಡೆಯಿಂದ ಮೈದುನ ಬಂದು, ಬ್ಯಾರಿಕೇಡ್ ಮೇಲಿಂದ ಕವರ್ ಎಸೆದಿದ್ದ. ನಿಮ್ಮ ಕಾಸರಗೋಡಿನವರಿಗೆ ಇದು ಹೊಸದಲ್ಲ, ಆವಾಗ ತಲಪಾಡಿ ಗಡಿ ಮುಚ್ಚಿ ಆಗಿದ್ದು ನಾವೂ ಟಿವಿಯಲ್ಲಿ ನೋಡಿದ್ವಿ.

ಅಡಿಕೆ_ಸೋಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಲಪಾಡಿ ವಿಷಯ ಹೇಳ್ಬೇಡಿ ಟೀಚರೇ, ಆವಾಗ ಮಂಗಳೂರು ಆಸ್ಪತ್ರೆ ನಂಬಿ ಕೂತ ನಮ್ಮವರ ಅವಸ್ಥೆ ನೆನಪಾದ್ರೆ ಈಗ್ಲೂ ಹೊಟ್ಟೆ ಉರೀತದೆ.

ಹೆಂಡತಿಗೆ ಪೂರ್ತಿ ಓದಿ ಹೇಳಿದೆ. ಹುಲಿಗೂ ಹೆದರ್ಲಿಲ್ಲ ಅವಳು, ಬೋರ್‌ವೆಲ್ ಅಂದ ಕೂಡ್ಲೆ ಮುಖ ಸಣ್ಣ ಆಯ್ತು. ಸುರಂಗದ ನೀರು ಕುಡಿದು ಬೆಳೆದವಳು ನೋಡಿ. ಆದ್ರೂ ಒಪ್ಪಿದ್ದಾಳೆ, ಮೊದಲು ನಾನೊಬ್ಬನೇ ಬಂದು ಮನೆ, ನೀರು ನೋಡುದು, ಮಕ್ಕಳ ಪರೀಕ್ಷೆ ಮುಗಿದ ಮೇಲೆ ಅವರು ಬರುದು ಅಂತ ಆಯ್ತು. ಮಗಳಿಗೆ ಮಳೆ-ಮಲೆ ಕಥೆ ಹೇಳಿದೆ, ಅವಳು ಈಗಲೇ ಆ ಹುಡುಗನ ಹೆಸರು ಕೇಳ್ತಿದ್ದಾಳೆ. ಬರಗೂರು ಅಣ್ಣ, ನೀವು ಹೇಳಿದ ಕೊಟ್ಟಿಗೆ ಫೋಟೋ ವಿಷಯ ಮನಸ್ಸಲ್ಲಿ ಇಟ್ಕೊಂಡಿದ್ದೇನೆ. ಇಲ್ಲಿ ನಮ್ಮದೇ ಬ್ರಾಂಚಲ್ಲಿ ನಾನೂ ಹಾಗೆ ಕೇಳಿದ್ದುಂಟು, ಸುಳ್ಳು ಹೇಳುದೆಂತಕ್ಕೆ.

ಒಂದೇ ಕೊನೇ ಪ್ರಶ್ನೆ. ಮನೆಯಿಂದ ಐವತ್ತು ಕಿಲೋ ಕುಚ್ಚಲಕ್ಕಿ ಚೀಲ, ಎರಡು ಹಲಸಿನ ಹಪ್ಪಳದ ಡಬ್ಬ, ಮತ್ತೆ ಅಮ್ಮ ಬಿಡುದಿಲ್ಲ, ಒಂದು ಗೊನೆ ನೇಂದ್ರ ಬಾಳೆ, ಇಷ್ಟು ಕಾರಲ್ಲಿ ಹಾಕ್ಕೊಂಡು ಬಂದ್ರೆ ಚೆಕ್‌ಪೋಸ್ಟಲ್ಲಿ ಎಂತಾದ್ರೂ ತೊಂದರೆ ಉಂಟಾ?

ಟೊಮೇಟೊ_ಸಾವ್ಕಾರ:

ಅಕ್ಕಿಗ ರೇಷನ್ ಅಕ್ಕಿನಾ ಅಂತ ಕೇಳ್ಬೋದು, ಕೆಂಪ್ಗ ದಪ್ಪಕ್ಕಿರೋದ್ ನೋಡಿ ಬುಟ್ಬುಡ್ತರ. ಹಪ್ಪಳ ನಮ್ಮನೆ ಕಡೆ ಒಂದ್ ಡಬ್ಬ ತನ್ನಿ. ಬಾಳೆಗೊನೆ ಮಾತ್ರ ಡಿಕ್ಕಿ ಒಳಗ ಮುಚ್ಚಿಡಿ ಸಾ, ಕ್ಯಾರಿಯರ್ ಮ್ಯಾಲ ಕಟ್ಬೇಡಿ. ಪೊಲೀಸ್ರು ಏನೂ ಅನ್ನಲ್ಲ. ಕೇಳೋರೇ ಬೇರೆ.